ಮುಕ್ಕಾಲು ಗಂಟೆಯ ಫೋಟೋ

ಕೇಳಿದ್ದು ಒಂದೇ ಒಂದು ದಿನದ ರಜೆ. ಅದನ್ನೂ ಮ್ಯಾನೇಜರ್ ಕೊಡಲಿಲ್ಲ. ಶುಕ್ರವಾರ ವಿಮಾ ಕಚೇರಿಯ ಮುಂಬಾಗಿಲು ಹಾಕಿಕೊಂಡು, ಎಲ್ಲರೂ ಒಳಗೆ ಕೂತು ಹಳೆಯ ಫೈಲುಗಳನ್ನು ಒಪ್ಪ ಮಾಡಬೇಕು, ಯಾರಿಗೂ ರಜೆಯಿಲ್ಲ ಎಂದು ತಲೆ ಎತ್ತದೆಯೇ ಹೇಳಿ ಕಳಿಸಿದರು.

ನಮ್ಮ ಗುಮಾಸ್ತನಿಗೆ ಮೈಯೆಲ್ಲ ಉರಿದುಹೋಯಿತು. ಊರಾಚೆಯ ಕೆರೆಯ ಮೇಲೆ ಆ ವಾರವೆಲ್ಲ ಮೋಡಗಳು ಹತ್ತಿ ಹಿಂಜಿ ಹರಡಿದ ಹಾಗೆ ಸಾಗುತ್ತಿದ್ದವು. ಅವನಲ್ಲಿ ಮರದ ಪೆಟ್ಟಿಗೆಯಂಥ ದೊಡ್ಡ ಕ್ಯಾಮೆರಾ ಇತ್ತು. ಪುಸ್ತಕದ ಹಾಳೆಯಷ್ಟಗಲದ ಫಿಲ್ಮು, ಒಂದು ಸಲಕ್ಕೆ ಒಂದೇ. ಡಬ್ಬಿಯಲ್ಲಿ ಉಳಿದದ್ದೂ ಒಂದೇ. ಲೆನ್ಸಿನ ಮುಂದೆ ಕಪ್ಪು ಗಾಜು ಸಿಕ್ಕಿಸಿ ಮುಕ್ಕಾಲು ಗಂಟೆ ತೆರೆದಿಟ್ಟರೆ ಅಲೆಗಳೆಲ್ಲ ಕರಗಿ ಕೆರೆ ಕೆನೆಗಟ್ಟಿದ ಹಾಲಿನಂತಾಗುತ್ತದೆ. ಇದನ್ನು ಅವನು ಕಚೇರಿಯಲ್ಲಿ ವರ್ಣಿಸದ ದಿನವಿರಲಿಲ್ಲ.

ಶುಕ್ರವಾರ ಬೆಳಗ್ಗೆ ಕಚೇರಿಗೆ ಫೋನ್ ಮಾಡಿ, ಬೆನ್ನು ಹಿಡಿದುಕೊಂಡಿದೆ, ಏಳಲಿಕ್ಕೇ ಆಗುತ್ತಿಲ್ಲ ಎಂದು ನರಳಿದ. ಪಕ್ಕದಲ್ಲೇ ನಿಂತಿದ್ದ ಹೆಂಡತಿ, ಹಾಗಾದರೆ ಈ ಪೆಟ್ಟಿಗೆ ಹೊರುವವರು ಯಾರು ಎಂದು ಕೇಳಿದಳು.

"ನಾನೇ ಹೊರ್ತೀನಿ. ಅವರು ಇಲ್ಲ ಅಂದಿದ್ದಕ್ಕೆಲ್ಲ ನಾನು ಹೂಂ ಅನ್ಕೊಂಡು ಕೂರ್ಬೇಕಾ?"

ಕೆರೆಯ ದಂಡೆಯಲ್ಲಿ ಮೂರು ಕಾಲಿನ ಸ್ಟ್ಯಾಂಡು ಹಟಮಾರಿ ಕತ್ತೆಯಂತೆ ಆಡಿತು. ಒಂದು ಕಾಲು ಊರಿದರೆ ಇನ್ನೊಂದು ಜಾರುತ್ತಿತ್ತು. ಅಂತೂ ಅದನ್ನು ಬಗ್ಗಿಸಿ, ಕ್ಯಾಮೆರಾ ಕೂರಿಸಿ, ಫಿಲ್ಮು ಹಾಕಿ ಲೆನ್ಸು ತೆರೆದ. ಉಸಿರು ಬಿಡುವಷ್ಟರಲ್ಲಿ ಹಿಂದಿನ ರಸ್ತೆಯಲ್ಲಿ ವ್ಯಾನೊಂದು ಬಂದು ನಿಂತಿತು. ಇಳಿದವರ ಧ್ವನಿ ದಿನಾ ಕೇಳುವಂಥದ್ದೇ. ಮ್ಯಾನೇಜರ್. ಅವರ ಹಿಂದೆ ಇಡೀ ಕಚೇರಿ.

ಸರಕ್ಕನೆ ಕ್ಯಾಮೆರಾದ ಕರಿಬಟ್ಟೆಯೊಳಗೆ ತಲೆ ತೂರಿಸಿದ. ಸಂದಿಯಿಂದ ನೋಡಿದರೆ, ನಗುವುದನ್ನೇ ಮರೆತವರೆಂದು ಹೆಸರಾಗಿದ್ದ ಮ್ಯಾನೇಜರ್ ಪ್ಯಾಂಟು ಮಂಡಿಗೇರಿಸಿ, ಚೆಂಡು ಹಿಡಿದು, ಹಗ್ಗ ಬಿಚ್ಚಿದ ಕರುವಿನಂತೆ ನೀರಿಗೆ ಧುಮುಕುತ್ತಿದ್ದರು. ಉಳಿದವರು ಹಿಂದೆಯೇ ಓಡಿದರು. ಎಲ್ಲರೂ ಫೋಟೋದ ನಟ್ಟನಡುವೆ.

ಕ್ಯಾಷಿಯರ್ ಅಕ್ಕ ಮಾತ್ರ ಕ್ಯಾಮೆರಾದ ಹತ್ತಿರ ಬಂದರು. ಕರಿಬಟ್ಟೆಯೊಳಗಿರುವುದು ಯಾವುದೋ ಸ್ಟುಡಿಯೋದವನೆಂದುಕೊಂಡು, ನಮ್ಮದೊಂದು ಗುಂಪು ಫೋಟೋ ತೆಗೀತೀಯಾ ಎಂದು ವಿಚಾರಿಸಿದರು. ಉತ್ತರಕ್ಕೂ ಕಾಯದೆ ಮಾತು ಮುಂದುವರಿಸಿದರು.

"ಬೇಗ ತೆಗೀಬೇಕಪ್ಪ. ನಮ್ಮ ಆಫೀಸಲ್ಲೂ ಒಬ್ಬ ಇದಾನೆ, ಹೋದ ಸಲ ಫೋಟೋ ಅಂತ ನಿಲ್ಲಿಸಿ ಊಟಾನೆಲ್ಲ ಆರಿಸಿಬಿಟ್ಟ. ಈ ಸಲ ಆ ಶನಿ ಒಬ್ಬನ್ನೇ ಫೈಲು ನೋಡ್ಕೊಳ್ಳೋಕೆ ಬಿಟ್ಟು ಬರೋಣ ಅಂತಿದ್ವಿ. ಪುಣ್ಯಕ್ಕೆ ಅವನಿಗೇ ಬೆನ್ನುನೋವು ಬಂತು."

ಗುಮಾಸ್ತ ಬಟ್ಟೆ ಸರಿಸಿ ಮುಖ ಹೊರಗೆ ಹಾಕಿದ.

"ಅಕ್ಕಾ, ಆ ಶನಿ ನಾನೇ."

ಆಮೇಲೆ ಅವನು ಯಾರಿಗೂ ಹೆದರಲಿಲ್ಲ. ದಡದಡನೆ ನೀರಿನಂಚಿಗೆ ಇಳಿದ. ಮ್ಯಾನೇಜರರ ಮುಖ ಬೇಯಿಸಿದ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತು. ಆದರೂ ಕುರ್ಚಿಯ ಗತ್ತು ಬಿಡಲಿಲ್ಲ.

"ನಿಮಗೆ ಬೆನ್ನುನೋವು ಅಲ್ವೇನ್ರೀ?"

"ನಿಮಗೆ ಫೈಲು ಕೆಲಸ ಅಲ್ವಾ ಸಾರ್?"

ಮೊದಲು ಆ ಪೆಟ್ಟಿಗೆ ಮುಚ್ಚಿ ಎಂದು ಮ್ಯಾನೇಜರ್ ಆಜ್ಞೆ ಮಾಡಿದರು. ಗುಮಾಸ್ತ ಸೀದಾ ಹೋಗಿ ಕ್ಯಾಮೆರಾದ ಎದುರಿಗೇ ಇದ್ದ, ನೀರಿನ ಪಕ್ಕದ ಬಂಡೆಯ ಮೇಲೆ ಕೂತ, ಎರಡು ಕೈಯನ್ನೂ ಮಂಡಿಯ ಮೇಲಿಟ್ಟು.

"ಮುಚ್ಚಲ್ಲ ಸಾರ್. ಅದರ ಕಣ್ಣು ಮುಕ್ಕಾಲು ಗಂಟೆ ಆಗೋವರೆಗೂ ತೆರೆದೇ ಇರುತ್ತೆ. ನೀವೆಲ್ಲ ಅದರ ಎದುರಿಗೇ ಇದೀರಿ. ಮುಟ್ಟೋಕೆ ಹೋದವರ ಮೇಲೆ ಮೊದಲು ದೂರು ಕೊಡ್ತೀನಿ. ನಾನಂತೂ ಇಲ್ಲಿಂದ ಕದಲಲ್ಲ."

ದಂಡೆಯಲ್ಲಿ ಗದ್ದಲವೆದ್ದಿತು. ಒಬ್ಬ ಟೋಪಿಯಿಂದ ಮುಖ ಮುಚ್ಚಿಕೊಂಡು ಎಡಕ್ಕೆ ಓಡಿದ, ಇನ್ನೊಬ್ಬ ಅವನ ಬೆನ್ನ ಹಿಂದೆ ಅಡಗಲು ಹೋಗಿ ಬಿದ್ದ. ಕ್ಯಾಷಿಯರ್ ಅಕ್ಕ ಸಮಾಧಾನ ಹೇಳಲು ಬರುವುದು, ಬೈಸಿಕೊಂಡು ಹೋಗುವುದು ನಡೆದೇ ಇತ್ತು. ಮ್ಯಾನೇಜರ್ ಬಂಡೆಯ ಸುತ್ತ ಗಾಣದ ಎತ್ತಿನಂತೆ ಸುತ್ತಿದರು. ಕೊನೆಗೆ ದನಿ ತಗ್ಗಿಸಿ, ನೀವು ನಮ್ಮನ್ನು ನೋಡಿಲ್ಲ, ನಾವು ನಿಮ್ಮನ್ನು ನೋಡಿಲ್ಲ, ಇಲ್ಲಿಗೆ ಮುಗಿಸೋಣ ಎಂದರು.

ಒಪ್ಪಿಕೊಂಡಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆದರೆ 'ಶನಿ' ಎಂಬ ಮಾತು ಗುಮಾಸ್ತನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಆಗುವುದಿಲ್ಲ ಎಂದ. ಹೊತ್ತು ಮುಗಿಯುವವರೆಗೂ ರೆಪ್ಪೆ ಬಿಟ್ಟು ಇನ್ನೇನನ್ನೂ ಅಲುಗಾಡಿಸಲಿಲ್ಲ.

ಅಲ್ಲಿಂದ ನೇರವಾಗಿ ಪರಿಚಯದ ಸ್ಟುಡಿಯೋಗೆ ಹೋದ. ಚಿತ್ರ ತನ್ನ ಕೈಗೆ ಬಂದರೆ ಮ್ಯಾನೇಜರ್ ಕಸಿದುಕೊಂಡಾರು ಎಂಬ ಅನುಮಾನದಿಂದ, ದೊಡ್ಡದಾಗಿ ಪ್ರಿಂಟ್ ಮಾಡಿ ನೇರವಾಗಿ ಮುಖ್ಯ ಕಚೇರಿಯ ಮೇಲಧಿಕಾರಿಗೇ ತಲುಪಿಸಲು ಹೇಳಿದ. ಆ ಸಂಜೆಯೇ ಮೇಲಧಿಕಾರಿಯ ಎದುರು ನಿಂತು, ನಾನು ಬೆನ್ನುನೋವೆಂದು ಸುಳ್ಳು ಹೇಳಿದ್ದು ನಿಜ, ಆದರೆ ಕೆರೆಯಲ್ಲಿ ಇಡೀ ಕಚೇರಿಯೇ ಇತ್ತು, ನಾಳೆ ಸಾಕ್ಷಿ ಬರುತ್ತದೆ ಎಂದು ಎದೆಯುಬ್ಬಿಸಿ ದೂರು ಕೊಟ್ಟ.

ಮರುದಿನ ಮೇಲಧಿಕಾರಿಯ ಕೋಣೆಯಲ್ಲಿ ಎಲ್ಲರೂ ಸಾಲಾಗಿ ನಿಂತರು. ನಿನ್ನೆಯೆಲ್ಲ ಬಾಗಿಲು ಹಾಕಿಕೊಂಡು ಫೈಲುಗಳ ಧೂಳು ಕುಡಿದೆವೆಂದು ಮ್ಯಾನೇಜರ್ ಹೇಳಿದರು. ಉಳಿದವರು ಹೌದೆಂದು ತಲೆಯಾಡಿಸಿದರು. ಕ್ಯಾಷಿಯರ್ ಅಕ್ಕ ಎರಡು ಸಲ ಸೀನಿಯೂ ತೋರಿಸಿದರು. ಗುಮಾಸ್ತ ಕೈಕಟ್ಟಿ ಮುಗುಳ್ನಗುತ್ತ ನಿಂತಿದ್ದ.

ಮೇಲಧಿಕಾರಿ ಲಕೋಟೆ ಒಡೆದು ಚಿತ್ರವನ್ನು ಬಹಳ ಹೊತ್ತು ನೋಡಿದರು. ಸೊಗಸಾಗಿದೆ ಎಂದರು. ಆಮೇಲೆ ಅದನ್ನು ಅವನತ್ತ ತಿರುಗಿಸಿದರು.

ಕೆರೆ ಹಾಲಿನಂತೆ ಬೆಳ್ಳಗೆ ಹರಡಿತ್ತು. ಮೋಡಗಳು ಆಕಾಶದ ತುಂಬ ರೇಷ್ಮೆ ಎಳೆದಂತೆ ಹರಿದಿದ್ದವು. ಅಂಥ ಚಿತ್ರವನ್ನು ಅವನು ಜನ್ಮದಲ್ಲಿ ತೆಗೆದಿರಲಿಲ್ಲ. ನಡುವೆ ಒಂದು ಬಂಡೆ. ಅದರ ಮೇಲೆ, ಅಂಗಿಯ ಗುಂಡಿ ಎಣಿಸುವಷ್ಟು ಸ್ಪಷ್ಟವಾಗಿ, ಅವನೊಬ್ಬನೇ. ಸುತ್ತ ನರಪಿಳ್ಳೆಯಿಲ್ಲ.

ಅಷ್ಟು ಹೊತ್ತು ತೆರೆದಿಟ್ಟ ಕ್ಯಾಮೆರಾದಲ್ಲಿ ಕದಲದೆ ಇದ್ದದ್ದು ಮಾತ್ರ ಉಳಿಯುತ್ತದೆ. ಓಡಾಡುವವರ ನೆರಳೂ ಫಿಲ್ಮಿಗೆ ಹತ್ತುವುದಿಲ್ಲ. ವರ್ಷಗಳಿಂದ ಬಲ್ಲ ಈ ಸಂಗತಿ ಸಿಟ್ಟಿನ ಭರದಲ್ಲಿ ಅವನ ತಲೆಯಿಂದ ಹಾರಿಹೋಗಿತ್ತು.

"ಇದರಲ್ಲಿ ನೀವೊಬ್ಬರೇ ಇದೀರಲ್ರೀ," ಎಂದರು ಮೇಲಧಿಕಾರಿ.

"ಎಲ್ಲರೂ ಇದ್ರು ಸಾರ್. ಓಡಾಡ್ತಾ ಇದ್ರಲ್ಲ, ಅದಕ್ಕೇ ಬಂದಿಲ್ಲ."

ಮ್ಯಾನೇಜರ್ ವಿನಯದಿಂದ ಒಂದು ಹೆಜ್ಜೆ ಮುಂದೆ ಬಂದರು. "ನಾವು ಬಂದಿಲ್ಲ ಅಂತಾನೇ ಸಾರ್, ನಾವೂ ಹೇಳ್ತಿರೋದು."

ಎಚ್ಚರಿಕೆಯ ಪತ್ರ ಅಲ್ಲೇ ತಯಾರಾಯಿತು. ಗುಮಾಸ್ತ ತಲೆ ತಗ್ಗಿಸದೆ ಸಹಿ ಹಾಕಿ, ಚಿತ್ರ ವಾಪಸು ಕೊಡಿ ಎಂದು ಕೈಚಾಚಿದ. ಅದು ಸಾಕ್ಷಿ, ಪತ್ರದ ಜೊತೆ ಫೈಲಿಗೆ ಸೇರಬೇಕು ಎಂದು ಮೇಲಧಿಕಾರಿ ತೂತು ಹಾಕುವ ಯಂತ್ರವನ್ನು ಕೈಗೆತ್ತಿಕೊಂಡರು.

"ಸಾರ್, ಹಾಕೋದೇ ಆದ್ರೆ ನನ್ನ ಎದೆ ಮೇಲೆ ಹಾಕಿ," ಎಂದ ಗುಮಾಸ್ತ. "ಮೋಡ ಮಾತ್ರ ಮುಟ್ಟಬೇಡಿ."