ದಾಮೋದರನ ಕೈಗುಣ

ಬಸ್ರೂರಿನ ಸಹಕಾರಿ ಸಂಘದ ಗುಮಾಸ್ತ ದಾಮೋದರ ಆ ಬೆಳಿಗ್ಗೆ ಕಂಪ್ಯೂಟರಿಗೆ ಹೊಸ ಕೀ ಚುಚ್ಚಿದ್ದೇ ಎಡವಟ್ಟಾಯಿತು. ಪೆನ್ ಡ್ರೈವಿನಂತಿದ್ದ ಅದರೊಳಗೆ ಅವನ ಡಿಜಿಟಲ್ ಸಹಿ ಇತ್ತು. ಚುಚ್ಚಿದ್ದೇ ತಡ, ಆಫೀಸಿನ ಕಂಪ್ಯೂಟರುಗಳೆಲ್ಲ ಸ್ತಬ್ಧವಾದವು. ಕುಂದಾಪುರದ ಹೆಡ್ಡಾಫೀಸಿನಲ್ಲಿ ಸರ್ವರ್ರೇ ಬಿದ್ದಿದೆಯೆಂದು ಫೋನ್ ಬಂತು.

“ಎಂತ ಮಾಡ್ದ್ರಿ ದಾಮೋದರ್ರೆ?” ಮ್ಯಾನೇಜರ್ ಉಮಾನಾಥರು ಓಡಿ ಬಂದರು.

“ಎಂತ ಇಲ್ಲೆ ಸರ್. ಕೀ ಹಾಕ್ದೆ, ಅಷ್ಟೆ.”

ಸ್ವಲ್ಪ ಹೊತ್ತಿಗೆ ಸರ್ವರ್ ಎದ್ದಿತು. ದಾಮೋದರ ಮತ್ತೆ ಚುಚ್ಚಿದ. ಮತ್ತೆ ಬಿತ್ತು. ಪಕ್ಕದ ಮೇಜಿನ ಸ್ನೇಹಲತಾ ತನ್ನ ಕೀ ಚುಚ್ಚಿದರೆ ಏನೂ ಆಗಲಿಲ್ಲ.

“ನಿಮ್ ಕೈಗುಣವೇ ಸರಿ ಇಲ್ಲೆ. ತೊಳ್ಕಂಡ್ ಬನ್ನಿ,” ಎಂದಳು. ತೊಳೆದು ಬಂದು ಚುಚ್ಚಿದ. ಬಿತ್ತು. ಅವಳು ಕುಂಭಾಶಿ ದೇವಸ್ಥಾನದ ಪ್ರಸಾದದ ಹೂವನ್ನು ಕಂಪ್ಯೂಟರಿನ ಮೇಲಿಟ್ಟಳು. ಈ ಸಲ ಸರ್ವರಿನ ಜೊತೆ ಹೂವೂ ಬಿತ್ತು.

ದಾಮೋದರನಿಗೆ ತಲೆಬುಡ ತಿಳಿಯಲಿಲ್ಲ. ಮಧ್ಯಾಹ್ನದೊಳಗೆ ಅವನು ಬ್ರಹ್ಮಾವರ ಸೇರಬೇಕಿತ್ತು. ಹೆಂಡತಿ ವಾರಿಜಾಕ್ಷಿಯ ತಮ್ಮನ ನಿಶ್ಚಿತಾರ್ಥ. ಹುಡುಗಿಗೆ ತೊಡಿಸುವ ಉಂಗುರ ಇವನ ಕಿಸೆಯಲ್ಲಿತ್ತು.

ಕೊನೆಗೆ ಉಮಾನಾಥರು ಕೈಮುಗಿದರು. “ಮಾರಾಯ್ರೆ, ಎಂತದೂ ಮುಟ್ಬೇಡಿ. ಮನಿಗ್ ಹೋಗಿ.”

ಸುಮ್ಮನೆ ಹೋಗಿದ್ದರೆ ಮುಗಿಯುತ್ತಿತ್ತು. ಆದರೆ ಬಾಗಿಲಲ್ಲಿ ದಾಮೋದರನ ಸ್ವಾಭಿಮಾನ ಕೆರಳಿತು. ಕೈಗುಣದ ಅಪವಾದ ಹೊತ್ತು ಹೋಗುವುದೇ? ತಿರುಗಿ ಬಂದು, ಹೆಡ್ಡಾಫೀಸಿನ ಇಂಜಿನಿಯರ್ ವಿಶಾಲ್‌ಗೆ ಎಲ್ಲರೂ ಕೇಳುವಂತೆ ಸ್ಪೀಕರಿನಲ್ಲಿ ಫೋನ್ ಹಚ್ಚಿದ.

“ದಾಮೋದರ್ರ್ ತಪ್ಪೇ ಅಲ್ಲ,” ಎಂದ ವಿಶಾಲ್. “ಕೀಯೊಳ್ಗಿನ ಸಹಿ ಹಾಳಾಯ್ತ್. ನಮ್ ಲೈಬ್ರರಿ ಅದನ್ನ್ ಬೇಡ ಅಂದ್ಕಂಡ್ ವಾಪಸ್ ಕಳಿಸ್ಕಿತ್ತ್. ಅದ್ ಬಿಟ್ಟ್ ಓದುಕ್ ಹೋಯಿ ತಾನೇ ಬೀಳತ್ತ್.”

“ಲೈಬ್ರರಿಯಾ?” ಉಮಾನಾಥರು ಕಿಟಕಿಯಾಚೆ ಊರ ಗ್ರಂಥಾಲಯದತ್ತ ನೋಡಿದರು. “ಅದಕ್ ಇವತ್ ರಜೆ ಅಲ್ದಾ?”

“ಪುಸ್ತಕದ್ದಲ್ಲ ಸರ್. ಮಾಹಿತಿಗೆ ಬೀಗ ಹಾಕು ಸಾಫ್ಟ್‌ವೇರ್. ಕಳ್ಳರಿಗ್ ಗೊತ್ತಾರೆ ಅವ್ರೂ ಇಂಥ ಸಹಿ ಕಳ್ಸಿ ನಮ್ಮನ್ ಬೀಳಿಸ್ತ್ರ್. ಇವತ್ತೇ ಸರಿ ಮಾಡ್ಕ್.”

ದಾಮೋದರನ ಎದೆ ಬಾಣಲೆಯ ಪೂರಿಯಂತೆ ಉಬ್ಬಿತು. “ಕೇಂಡ್ರ್ಯಾ ಎಲ್ಲರೂ? ಹಂಗಾರೆ ನಾನ್ ಬತ್ತೆ.”

“ಎಲ್ಲಿಗೆ?” ಫೋನು ಕೂಗಿತು. “ಸರಿಯಾಯ್ತಾ ಇಲ್ಯಾ ಕಾಂಬುಕೆ ನಿಮ್ ಕೀ, ನಿಮ್ ಪಾಸ್‌ವರ್ಡೇ ಬೇಕ್. ಬೇರೆಯವರದ್ದಕ್ಕೆ ಅದ್ ಬೀಳುದೇ ಇಲ್ಲೆ!”

ಉಮಾನಾಥರು ತಾವೇ ಕುರ್ಚಿ ಎಳೆದು ಕೊಟ್ಟರು. ದಾಮೋದರ ಚುಚ್ಚಿದ. ಬಿತ್ತು. ವಿಶಾಲ್ ಅಲ್ಲಿಂದಲೇ ಏನೋ ತಿದ್ದಿದ. ಚುಚ್ಚಿದ. ಬಿತ್ತು. ಹೊರಗೆ ಬ್ರಹ್ಮಾವರದ ಬಸ್ಸು ಹಾರ್ನ್ ಹೊಡೆದು ಹೊರಟುಹೋಯಿತು.

ಮೊಬೈಲ್ ಬಡಿದುಕೊಂಡಿತು. “ಹ್ವಾಯ್, ಎಲ್ಲಿದ್ರಿ? ಭಟ್ರ್ ಉಂಗ್ರ ಕೇಂತಿದ್ರ್!” ವಾರಿಜಾಕ್ಷಿ ಸಿಡಿದಳು. ಆಫೀಸಿನಲ್ಲೇ ಕೂರಿಸಿಕೊಂಡಿದ್ದಾರೆಂದು ದಾಮೋದರ ಹೇಳಿದ್ದೇ ಅವಳ ದನಿ ಏರಿತು. “ಆಫೀಸಂಗೇ ಕೂರ್ಸುಕೆ ನೀವ್ ಎಂತ ತಪ್ಪ್ ಮಾಡಿದ್ರಿ?”

“ತಪ್ಪ್ ನಂದಾಯಿದ್ರೆ ಆಗಳೇ ಬತ್ತಿದ್ದೆ ಮಾರಾಯ್ತಿ,” ದಾಮೋದರ ಪಿಸುಗುಟ್ಟಿದ. “ನಂದಲ್ಲ ಅಂದ್ಕಂಡೇ ಕೂರ್ಸಿದ್ರ್.”