ಫೋನ್ ಇಟ್ಟವರು ಯಾರು?

ನೆಟ್ಟಗಿರುವುದನ್ನು ನೆಟ್ಟಗಿರಲು ಬಿಡದ ಗಂಡಸರ ಒಂದು ಪಂಗಡವಿದೆ. ಸದ್ದಿಲ್ಲದೆ ತಿರುಗುವ ಫ್ಯಾನನ್ನು ಬಿಚ್ಚಿ ಎಣ್ಣೆ ಬಿಡುವವರು, ಸರಿಯಾದ ಹೊತ್ತು ತೋರಿಸುವ ಗಡಿಯಾರವನ್ನು ‘ಯಾಕೋ ಸ್ವಲ್ಪ ನಿಧಾನ’ ಎಂದು ತೆರೆದು, ಮುಚ್ಚುವಾಗ ಎರಡು ಸ್ಕ್ರೂ ಕೈಯಲ್ಲಿ ಉಳಿಸಿಕೊಳ್ಳುವವರು, ಎಲ್ಲ ಈ ಪಂಗಡದವರೇ. ಇರಲಾರದೆ ಇರುವೆ ಬಿಟ್ಟುಕೊಂಡರು ಎಂಬ ಗಾದೆಯನ್ನು ನಮ್ಮನ್ನು ನೋಡಿಯೇ ಕಟ್ಟಿರಬೇಕು. ನಾನು ಈ ಪಂಗಡದ ಆಜೀವ ಸದಸ್ಯ. ವೃತ್ತಿಯಲ್ಲಿ ನೀರಿನ ಪೈಪುಗಳ ಇಂಜಿನಿಯರ್. ಅಡಿಲೇಡಿನ ನೆಲದಡಿ ಎಲ್ಲಿ ಸೋರುತ್ತಿದೆ ಎಂದು ಹುಡುಕಿಕೊಡುವುದಕ್ಕೆ ನನಗೆ ಸಂಬಳ. ಮನೆಯಲ್ಲಿ ನಾನು ಸಂಬಳವಿಲ್ಲದೆ ಬಿಟ್ಟುಕೊಂಡ ಇರುವೆಯ ಹೆಸರು ಟೆಲಿಫೋನ್ ಸರ್ವರ್.

ಲೋಕವೆಲ್ಲ ಮೊಬೈಲಿನಲ್ಲಿ ಪುಕ್ಕಟೆ ಹರಟುತ್ತಿರುವಾಗ ನನಗೆ ಮಾತ್ರ ನಮ್ಮದೇ ಒಂದು ಟೆಲಿಫೋನ್ ಎಕ್ಸ್‌ಚೇಂಜ್ ಇರಬೇಕು ಅನ್ನಿಸಿತು. ಆಫೀಸಿನವರು ಎಸೆಯಲಿದ್ದ ಒಂದು ಪುಟ್ಟ ಕಂಪ್ಯೂಟರನ್ನು ತಂದು ಕಿಲ್ಬರ್ನ್‌ನ ನಮ್ಮ ಮನೆಯ ಲಾಂಡ್ರಿಯಲ್ಲಿ, ವಾಷಿಂಗ್ ಮೆಷಿನ್ನಿನ ಮೇಲಿನ ಹಲಗೆಯಲ್ಲಿ ಕೂರಿಸಿದೆ. ಇಂಟರ್ನೆಟ್ ಮೂಲಕ ಮಾತಾಡುವ ಮೂರು ಮೇಜಿನ ಫೋನು ಕೊಂಡೆ. ಒಂದು ನಮ್ಮ ಮನೆಗೆ, ಒಂದು ಬ್ರಿಸ್ಬೇನಿನ ಕ್ಯಾಲಮ್‌ವೇಲ್‌ನಲ್ಲಿರುವ ನನ್ನ ಹೆಂಡತಿಯ ಅಕ್ಕ ಸುಧಾ ಅತ್ತಿಗೆಗೆ, ಇನ್ನೊಂದು ಪರ್ತ್‌ನಲ್ಲಿರುವ ಅವಳ ಅಣ್ಣ ರಘು ಭಾವನಿಗೆ. ಮೂರಂಕಿ ಒತ್ತಿದರೆ ಸಾಕು, ಒಂದು ಮನೆಯಿಂದ ಇನ್ನೊಂದು ಮನೆಗೆ ಗಂಟೆ ಬಾರಿಸುತ್ತದೆ. “ಮೊಬೈಲ್ ಇದೆಯಲ್ಲ ಶ್ರೀಧರ್, ಇದ್ಯಾಕೆ?” ಎಂದು ಇಬ್ಬರೂ ಕೇಳಿದರು. ನಾನು ಉತ್ತರ ಹೇಳಿದೆ. ಬಹಳ ಹೊತ್ತು ಹೇಳಿದೆ. ಕೊನೆಗೆ, ಉತ್ತರ ನಿಲ್ಲಿಸುವುದಾದರೆ ಫೋನ್ ಇಟ್ಟುಕೊಳ್ಳುತ್ತೇವೆ ಎಂಬ ರಾಜಿಗೆ ಇಬ್ಬರೂ ಬಂದರು. ಬಂದ ಫೋನನ್ನು ಅತ್ತಿಗೆ ಮೈಕ್ರೋವೇವಿನ ಪಕ್ಕದಲ್ಲಿಟ್ಟು ವಾರಕ್ಕೊಮ್ಮೆ ಒರೆಸುತ್ತಿದ್ದರು.

ಅದಕ್ಕೆ ಬೆಲೆ ಬಂದದ್ದು ಅತ್ತಿಗೆಯ ಮಗಳು ಮೇಘನಾಳ ಮದುವೆ ಗೊತ್ತಾದ ಮೇಲೆ. ರಘು ಭಾವ ಗಣಿಯ ಭೂವಿಜ್ಞಾನಿ. ಎರಡು ವಾರ ಗಣಿಯಲ್ಲಿ, ಒಂದು ವಾರ ಪರ್ತ್‌ನ ಮನೆಯಲ್ಲಿ. ಹುಡುಗನ ಕಡೆಯವರು ಒಪ್ಪಿದ ದಿನ ಅವರು ಯಾವುದೋ ಕೆಂಪು ಮಣ್ಣಿನ ನಡುವೆ ಸಿಗ್ನಲ್ ಇಲ್ಲದ ಕಡೆ ಇದ್ದರು. ಅತ್ತಿಗೆ ಪ್ರಯತ್ನಿಸಿದರು, ಸಿಗಲಿಲ್ಲ. ಖುಷಿ ತಡೆಯಲಾರದೆ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿಬಿಟ್ಟರು. ಬೆಂಗಳೂರಿನ ದೂರದ ನೆಂಟರೆಲ್ಲ ಕೈಮುಗಿದು ಹೂ ಚೆಲ್ಲಿ ಮುಗಿಸಿದ ಮೇಲೆ ಹುಡುಗಿಯ ಸ್ವಂತ ಸೋದರಮಾವನಿಗೆ ವಿಷಯ ತಿಳಿಯಿತು. ಭಾವ ಇಂಗ್ಲಿಷಿನಲ್ಲಿ ‘ಕಂಗ್ರಾಟ್ಸ್’ ಎಂದು ಬರೆದು, ಮುಂದೆ ಒಂದು ಪೂರ್ಣವಿರಾಮ ಇಟ್ಟರು. ನಮ್ಮ ಮನೆತನಗಳಲ್ಲಿ ಸೋದರಮಾವ ಇಂಗ್ಲಿಷಿನಲ್ಲಿ ಶುಭ ಕೋರಿದನೆಂದರೆ ಯುದ್ಧ ಘೋಷಣೆಯಾಯಿತೆಂದೇ ಲೆಕ್ಕ. ‘ಅಣ್ಣನಿಗೆ ಒಂದು ಚೂರೂ ಖುಷಿಯಿಲ್ಲ’ ಎಂದು ಅತ್ತಿಗೆ ಅವರ ನಂಬರನ್ನು ಬ್ಲಾಕ್ ಮಾಡಿದರು. ‘ನಾನು ಹೊರಗಿನವನಾದೆ’ ಎಂದು ಭಾವನೂ ಅದನ್ನೇ ಮಾಡಿದರು. ಬ್ಲಾಕ್ ತೆಗೆಯುವುದೆಂದರೆ ಸೋತಂತೆ. ಆದ್ದರಿಂದ ಇಬ್ಬರೂ ತೆಗೆಯಲಿಲ್ಲ.

ಬ್ರಿಸ್ಬೇನಿನ ಆ ಮದುವೆಯಲ್ಲಿ ಹುಡುಗಿಯ ಕೈಹಿಡಿದು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. ಇರುವವರು ಇವರೊಬ್ಬರೇ. ಗಣಿಯ ಪಾಳಿ ಬದಲಿಸಿಕೊಳ್ಳಬೇಕಾದರೆ ಪರ್ತ್‌ನ ಮನೆಗೆ ಮರಳಿದ್ದ ಭಾವ ಆ ಶುಕ್ರವಾರದೊಳಗೆ ಆಫೀಸಿಗೆ ತಿಳಿಸಬೇಕು. ಇಲ್ಲವಾದರೆ ಮುಹೂರ್ತದ ಹೊತ್ತಿಗೆ ಅವರು ಹೆಲ್ಮೆಟ್ ಹಾಕಿಕೊಂಡು ಕಲ್ಲು ನೋಡುತ್ತಿರುತ್ತಾರೆ. ಸೋಮವಾರ ಬೆಳಿಗ್ಗೆ ನನ್ನ ಹೆಂಡತಿ ಶೈಲಾ ಕಾಫಿ ಲೋಟ ಕುಕ್ಕಿ ಹೇಳಿದಳು, “ಅವರಿಬ್ರೂ ಒಂದ್ಸಲ ಮಾತಾಡಿದ್ರೆ ಸಾಕು ರೀ, ಸರಿಹೋಗುತ್ತೆ. ಮೊಬೈಲ್ ಅಂತೂ ಬ್ಲಾಕು.” ಸ್ವಲ್ಪ ಯೋಚಿಸಿ, “ನಿಮ್ ಫೋನ್ ಇದೆಯಲ್ಲ!” ಎಂದಳು. ನಿಟ್ಟುಸಿರಿಲ್ಲದೆ ಅವಳು ಅದರ ಹೆಸರೆತ್ತಿದ್ದು ಅದೇ ಮೊದಲು. ನಿಜವೇ. ಆ ಫೋನನ್ನು ಬ್ಲಾಕ್ ಮಾಡಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ಗಂಟೆ ಹೊಡೆದರೆ ಎತ್ತಲೇಬೇಕಾದ್ದು, ಎತ್ತಿದರೆ ಮಾನ ಹೋಗುವಂಥದ್ದಲ್ಲ. ನನಗೆ ಎದೆ ಉಬ್ಬಿತು. ಒಂದು ಕುಟುಂಬದ ಒಗ್ಗಟ್ಟು ನಮ್ಮ ಲಾಂಡ್ರಿಯ ಹಲಗೆಯ ಮೇಲೆ ನಿಂತಿತ್ತು.

ಅಂದು ಸಂಜೆ ಅತ್ತಿಗೆ ಕರೆ ಮಾಡಿದರು. ನಾವಿಬ್ಬರೂ ಉಸಿರು ಬಿಗಿಹಿಡಿದು ಕೂತಿದ್ದೆವು. ಒಂದು ನಿಮಿಷವೂ ಆಗಿರಲಿಲ್ಲ, ಶೈಲಾಳ ಮೊಬೈಲ್ ಬಡಿದುಕೊಂಡಿತು. “ಇಟ್ಬಿಟ್ಟ ಕಣೇ! ಊಟ ಆಯ್ತಾ ಅಂತ ಕೇಳ್ದೆ. ಆಯ್ತು ಅಂದ. ಆಮೇಲೆ ಟಕ್ ಅಂತ ಇಟ್ಬಿಟ್ಟ!” ಎಂದು ಅತ್ತಿಗೆ ಅಳುತ್ತಿದ್ದರು. ಅಷ್ಟರಲ್ಲಿ ನನ್ನ ಮೊಬೈಲಿನಲ್ಲಿ ಭಾವ. “ಶ್ರೀಧರ್, ಸುಧಾಗೆ ಹೇಳ್ಬಿಡಿ. ಮುಖಕ್ಕೆ ಹೊಡೆದ ಹಾಗೆ ಇಡೋದಕ್ಕೆ ಫೋನ್ ಯಾಕ್ ಮಾಡ್ಬೇಕು?” ನಾನೂ ಶೈಲಾಳೂ ಒಂದೊಂದು ಕಿವಿಯಲ್ಲಿ ಒಂದೊಂದು ಬೆಂಕಿ ಹಿಡಿದುಕೊಂಡು ಹಾಲಿನಲ್ಲಿ ಎದುರುಬದುರು ನಿಂತೆವು. ಇಬ್ಬರೂ ತಾವು ಇಡಲಿಲ್ಲ ಅನ್ನುತ್ತಾರೆ. ಹಾಗಾದರೆ ಇಟ್ಟವರು ಯಾರು?

ಸರ್ವರಿನ ದಾಖಲೆ ನೋಡಿದರೆ ತಿಳಿಯುತ್ತಿತ್ತು. ಹಳೆಯ ಕಂಪ್ಯೂಟರಿನ ಜಾಗ ಉಳಿಯಲೆಂದು ದಾಖಲೆ ಬರೆಯುವುದನ್ನು ನಾನೇ ನಿಲ್ಲಿಸಿದ್ದೆ. ಇರಲಿ, ಪರೀಕ್ಷೆ ಮಾಡಿಬಿಡೋಣವೆಂದು ಮಂಗಳವಾರ ಭಾವನಿಗೆ ಕರೆ ಮಾಡಿ, ಒಂದರಿಂದ ನೂರರವರೆಗೆ ಗಟ್ಟಿಯಾಗಿ ಎಣಿಸಿ ಎಂದೆ. ಬಂಡೆ ಎಣಿಸಿ ಅಭ್ಯಾಸವಿದ್ದ ಮನುಷ್ಯ, ಎಣಿಸಿದರು. ಅವರಿಗೆ ಬೇಸರವಾಗದಿರಲೆಂದು ನಾನೂ ಜೊತೆಗೆ ಎಣಿಸಿದೆ. ಕರೆ ಅಲುಗಲಿಲ್ಲ. ಅತ್ತಿಗೆಯ ಜೊತೆಗೂ ಹಾಗೇ ಎಣಿಸಿದ್ದಾಯಿತು, ಒಂದೊಂದು ಅಂಕಿಯೂ ಸ್ಪಷ್ಟ. ಆದರೂ ಅನುಮಾನ ಬೇಡವೆಂದು ರೂಟರನ್ನು ಹೊಸದಾಗಿ ಹೊಂದಿಸಿದೆ, ವೈರು ಬದಲಿಸಿದೆ, ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿ ಇಲ್ಲಿನವರು ಆರ್ವೋ ಅನ್ನುವ ಮಧ್ಯಾಹ್ನದ ಅರ್ಧ ಹೊತ್ತು ಅವರ ಸಂಗೀತ ಕೇಳಿದೆ. ಸಂಜೆ ಭಾವ ತಾವಾಗಿಯೇ ತಂಗಿಗೆ ಕರೆ ಮಾಡಿದರು. ಮತ್ತೆ ಊಟ ಆಯಿತೇ ಎಂದರು, ಆಯಿತು ಎಂದರು ಅತ್ತಿಗೆ, ಮತ್ತೆ ಕಟ್.

ಈಗ ನಾನೊಂದು ದೊಡ್ಡ ತಪ್ಪು ಮಾಡಿದೆ. ತಂತ್ರಜ್ಞನ ಗತ್ತಿನಲ್ಲಿ, “ಫೋನ್ ಸರಿಯಾಗಿದೆ ಶೈಲಾ. ದೋಷ ನಿಮ್ಮ ಮನೆತನದಲ್ಲಿದೆ” ಎಂದುಬಿಟ್ಟೆ. ಅಂದು ಸಾರಿಗೆ ಉಪ್ಪಿರಲಿಲ್ಲ, ಕೇಳುವ ಧೈರ್ಯ ನನಗಿರಲಿಲ್ಲ. ಬುಧವಾರ ಮಧ್ಯಾಹ್ನ ಮೇಘನಾ ಫೋನ್ ಮಾಡಿದಳು. ಬ್ರಿಸ್ಬೇನಿನಲ್ಲೇ ಹುಟ್ಟಿದ ಹುಡುಗಿ. ಕನ್ನಡ ಕೇಳಿಸಿಕೊಳ್ಳುತ್ತಾಳೆ, ಇಂಗ್ಲಿಷಿನಲ್ಲಿ ಕೊಡುತ್ತಾಳೆ. ಆದರೆ ಅವತ್ತು ಕಷ್ಟಪಟ್ಟು ಕನ್ನಡದಲ್ಲೇ ಹೇಳಿದಳು. “ಚಿಕ್ಕಪ್ಪ, ಮಾಮ ಬರ್ದೇ ಇದ್ರೆ ನಾನು ಮಂಟಪಕ್ಕೆ ಬರಲ್ಲ. ಅಮ್ಮ ಕಿಚನ್‌ನಲ್ಲಿ ಆ ಫೋನ್ ಮುಂದೆನೇ ಕೂತಿದ್ದಾರೆ. ಪ್ಲೀಸ್, ಫಿಕ್ಸ್ ಇಟ್.” ಊರಿನ ನೀರು ಸೋರಿದರೆ ನಿಲ್ಲಿಸುವ ನಾನು, ನನ್ನ ಕೈಯಾರೆ ಕಟ್ಟಿದ ಒಂದು ಡಬ್ಬಿಯಿಂದ ಮಗುವಿನ ಮದುವೆಯನ್ನೇ ಸೋರಿಸುತ್ತಿದ್ದೆ.

ಸೋರುವ ಜಾಗ ಹಿಡಿದವಳು ಶೈಲಾ. ಅವಳು ರೂಟರ್ ಮುಟ್ಟಲಿಲ್ಲ. ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿದಳು, ಕಟ್ ಆಗುವ ಮುಂಚೆ ಏನು ಹೇಳುತ್ತಿದ್ದಿರಿ ಎಂದು. ಇಬ್ಬರೂ ಒಂದೇ ಉತ್ತರ ಕೊಟ್ಟರು. “ಏನಿಲ್ಲ. ಸುಮ್ನೆ ಇದ್ವಿ.” ಇದನ್ನು ಅವಳು ನನಗೆ ಬಂದು ಹೇಳಿದ ತಕ್ಷಣ ನಾನು ಲಾಂಡ್ರಿಗೆ ಓಡಿದೆ. ಇಂಟರ್ನೆಟ್ ನಡುವೆ ಕಡಿದುಹೋದರೆ ಸತ್ತ ಕರೆಗಳು ಸರ್ವರಿನಲ್ಲಿ ನೇತಾಡುತ್ತವೆಂದು ನಾನೊಂದು ನಿಯಮ ಹಾಕಿದ್ದೆ: ಒಂದು ಕಡೆಯಿಂದ ಅರ್ಧ ನಿಮಿಷ ಏನೂ ಬಾರದಿದ್ದರೆ ಆ ಕಡೆ ಯಾರೂ ಇಲ್ಲ, ಕತ್ತರಿಸು. ಸಾಲದ್ದಕ್ಕೆ, ಮಿತವ್ಯಯವಿರಲೆಂದು, ಮಾತಿಲ್ಲದಾಗ ಏನನ್ನೂ ಕಳಿಸಬೇಡ ಎಂದು ಫೋನುಗಳಿಗೂ ಹೇಳಿಕೊಟ್ಟಿದ್ದೆ. ಎರಡು ಜಾಣತನ ಸೇರಿ ಒಂದು ಶುದ್ಧ ದಡ್ಡತನವಾಗಿತ್ತು. ಬದುಕಿರುವ ಮನುಷ್ಯ ಅರ್ಧ ನಿಮಿಷ ಸುಮ್ಮನಿರಬಲ್ಲ ಎಂಬ ಸಾಧ್ಯತೆ ನನಗೆ ಹೊಳೆದೇ ಇರಲಿಲ್ಲ. ನನ್ನ ಮಾತಿನ ಮಧ್ಯೆಯೂ ಕರೆಗಳು ಆಗಾಗ ಕಡಿಯುತ್ತಿದ್ದವು ನಿಜ. ಅದು ಸರ್ವರಿನ ದೋಷವಿರಬಹುದೆಂದು ನಾನೇಕೋ ಎಂದೂ ಸಂಶಯಪಟ್ಟಿರಲಿಲ್ಲ.

ಇಷ್ಟು ತಿಳಿದ ಮೇಲೆ ವಿವೇಕವಿರುವವನು ನಿಯಮ ತೆಗೆಯುತ್ತಾನೆ. ನಾನು ನಿಯಮವನ್ನು ಉಳಿಸಿಕೊಂಡು ಮನುಷ್ಯರನ್ನು ರಿಪೇರಿ ಮಾಡಲು ಹೊರಟೆ. “ಫೋನ್ ಇರೋದು ಮಾತಾಡೋದಕ್ಕೆ ತಾನೆ? ಬಾಯಿಗೆ ಬಂದದ್ದು ಏನಾದ್ರೂ ಮಾತಾಡ್ತಾ ಇರಿ, ನಿಲ್ಲಿಸ್ಬೇಡಿ” ಎಂದು ಇಬ್ಬರಿಗೂ ಸೂಚನೆ ಕೊಟ್ಟೆ. ಅವರು ಪಾಲಿಸಿದರು. ಅಡುಗೆಯಿಂದ ಶುರುವಾಗಿ ಹವೆಗೆ ಬಂದು, ಹವೆಯಿಂದ ವಾಟ್ಸಾಪಿಗೆ ದಾಟಿ, ಅಲ್ಲಿಂದ ಸುಧಾ ಅತ್ತಿಗೆಯ ಸ್ವಂತ ಮದುವೆಯಲ್ಲಿ ಯಾರು ಯಾರನ್ನು ಕೇಳದೆ ಏನು ಮಾಡಿದರು ಎಂಬಲ್ಲಿಗೆ ಹೋದರಂತೆ. ಬಾಯಿಗೆ ಬಂದದ್ದೆಲ್ಲ ನಿಜವಾಗಿಯೂ ಬಂದಿತ್ತು. ಒಂದು ಶಬ್ದವೂ ಕಳೆದುಹೋಗಲಿಲ್ಲ, ಒಂದು ಕ್ಷಣವೂ ಕರೆ ಕಡಿಯಲಿಲ್ಲ. ನಮ್ಮ ಎಕ್ಸ್‌ಚೇಂಜಿನ ಚರಿತ್ರೆಯಲ್ಲೇ ಅಷ್ಟು ಸ್ಪಷ್ಟವಾಗಿ ನಡೆದ ಜಗಳ ಇನ್ನೊಂದಿಲ್ಲ. ಈ ಸಲ ಫೋನನ್ನು ಇಬ್ಬರೂ ತಾವಾಗಿಯೇ ಕುಕ್ಕಿದರು.

ಶೈಲಾ ಲಾಂಡ್ರಿಯ ಬಾಗಿಲಲ್ಲಿ ಬಂದು ನಿಂತಳು. ಕೂಗುತ್ತಾಳೆಂದುಕೊಂಡೆ, ಕೂಗಲಿಲ್ಲ; ಅದೇ ಹೆಚ್ಚು ಹೆದರಿಸಿತು. “ನಮ್ಮನೇಲಿ ಯಾರೂ ಸಾರಿ ಕೇಳಲ್ಲ ರೀ. ಊಟ ಆಯ್ತಾ ಅಂತ ಕೇಳ್ತಾರೆ. ಆಯ್ತು ಅಂತಾರೆ. ಆಮೇಲೆ ಸ್ವಲ್ಪ ಹೊತ್ತು ಸುಮ್ನಿರ್ತಾರೆ. ಇರೋದೆಲ್ಲಾ ಆ ಸುಮ್ನಿರೋದ್ರಲ್ಲೇ. ಕೊನೇಲಿ ಯಾರಾದ್ರೂ ಹೂಂ ಅಂದ್ರೆ ಮುಗೀತು. ನೀವು ಅದನ್ನೇ ಕತ್ತರಿಸ್ತಾ ಇದೀರಲ್ಲ” ಎಂದಳು. ನಮ್ಮಿಬ್ಬರ ಜಗಳಗಳು ಯಾಕೆ ಅಷ್ಟು ಉದ್ದವಾಗುತ್ತವೆಂದು ನನಗೆ ಆ ಕ್ಷಣದಲ್ಲಿ ತಿಳಿಯಿತು. ಬಾಯಿ ಮುಚ್ಚಿಕೊಂಡು ಎರಡು ನಿಯಮಗಳನ್ನೂ ಅಳಿಸಿದೆ. ಮಾರನೆಯ ದಿನ ಆಫೀಸಿಗೆ ರಜೆ ಹಾಕಿ, ಯಾವ ಕಡೆಯಿಂದ ಧ್ವನಿ ಬರುತ್ತಿದೆ ಎಂದು ತೋರಿಸುವ ಎರಡು ಹಸಿರು ಪಟ್ಟಿಗಳನ್ನು ಪರದೆಯ ಮೇಲೆ ಬರುವಂತೆ ಮಾಡಿದೆ. ಮಾತೇನೆಂದು ಕೇಳಿಸುವಂತೆಯೂ ಮಾಡಬಹುದಿತ್ತು. “ಕದ್ದು ಕೇಳಿದ್ರೆ ಜೋಕೆ” ಎಂದಿದ್ದಳು ಶೈಲಾ.

ಗುರುವಾರ ಸಂಜೆಗೆ ಅತ್ತಿಗೆಯನ್ನು ಇನ್ನೊಮ್ಮೆ ಒಪ್ಪಿಸಲು ಶೈಲಾಳಿಗೆ ಸಾಕುಸಾಕಾಯಿತು. “ಇದೇ ಕೊನೆ ಸಲ ಕಣೇ, ಮಗಳ ಮುಖ ನೋಡಿ ಮಾಡ್ತಿದೀನಿ” ಎಂದರಂತೆ. ಅಡಿಲೇಡಿನಲ್ಲಿ ದೀಪ ಹಚ್ಚುವ ಹೊತ್ತು, ಪರ್ತ್‌ನಲ್ಲಿ ಇನ್ನೂ ಬಿಸಿಲು. ಪರದೆಯ ಮೇಲೆ ಎರಡು ಮನೆಗಳು ಜೋಡಿಯಾದವು. ಬ್ರಿಸ್ಬೇನಿನ ಪಟ್ಟಿ ಸ್ವಲ್ಪ ಕುಣಿಯಿತು, ಊಟ ಆಯ್ತಾ. ಪರ್ತ್‌ನ ಪಟ್ಟಿ ಇನ್ನೂ ಚಿಕ್ಕದಾಗಿ ಕುಣಿಯಿತು, ಆಯ್ತು. ಆ ಹೊತ್ತಿನಲ್ಲಿ ಅದು ಯಾವ ಊಟವೋ ದೇವರಿಗೇ ಗೊತ್ತು. ಆಮೇಲೆ ಎರಡೂ ಪಟ್ಟಿ ಮಲಗಿದವು. ಅರ್ಧ ನಿಮಿಷ ದಾಟಿತು, ಕರೆ ಕಡಿಯಲಿಲ್ಲ. ಒಂದು ನಿಮಿಷ ದಾಟಿತು. ಲೈನು ಸತ್ತಿದೆಯೋ, ಜನ ಸುಮ್ಮನಿದ್ದಾರೋ? ನಡುವೆ ಹೊಕ್ಕು ‘ಹಲೋ, ಇಬ್ಬರಿಗೂ ಕೇಳಿಸ್ತಿದೆಯಾ?’ ಎಂದು ಒಂದೇ ಒಂದು ಸಲ ಕೇಳಿಬಿಡೋಣವೆಂದು ಕೀಲಿಮಣೆಗೆ ಕೈ ಹಾಕಿದೆ. ಶೈಲಾ ಆ ಕೈಯನ್ನು ಹಿಡಿದು ತನ್ನ ತೊಡೆಯ ಮೇಲೆ ಒತ್ತಿಟ್ಟುಕೊಂಡಳು. ಅಷ್ಟು ಉದ್ದದ ಮೌನವನ್ನು ನಾನು ಜೀವಮಾನದಲ್ಲಿ ಕಂಡಿರಲಿಲ್ಲ. ಬ್ರಿಸ್ಬೇನಿನ ಪಟ್ಟಿ ಒಮ್ಮೆ, ಒಂದೇ ಒಂದು ಎಳೆಯಷ್ಟು, ಮೇಲೆದ್ದು ಮಲಗಿತು. ಕೂಡಲೇ ಕರೆ ಮುಗಿಯಿತು. ಮುಗಿಸಿದ್ದು ಪರ್ತ್.

ಶೈಲಾ ನನ್ನ ಕೈ ಬಿಟ್ಟಳು. ನಾನು ಅವಳನ್ನು ನೋಡುವ ಧೈರ್ಯವಿಲ್ಲದೆ ವಾಷಿಂಗ್ ಮೆಷಿನ್ ನೋಡುತ್ತ ಕೂತೆ. ಅಷ್ಟರಲ್ಲಿ ಹಾಲಿನಲ್ಲಿದ್ದ ನಮ್ಮ ಫೋನ್ ಹೊಡೆದುಕೊಂಡಿತು. ಓಡಿಹೋಗಿ ಎತ್ತಿದೆ. ಭಾವ. “ಶ್ರೀಧರ್, ಬ್ರಿಸ್ಬೇನ್‌ನಲ್ಲಿ ಒಳ್ಳೇ ಪಂಚೆ ಸಿಗುತ್ತಾ? ನನ್ನ ಹತ್ರ ಇರೋದು ಹಳೇದು. ಮೇಘನಾನ ಕರ್ಕೊಂಡು ಬರುವಾಗ ಚೆನ್ನಾಗಿರ್ಬೇಕಲ್ಲ.” ನಾನು ಬಾಯಿ ಬಿಡುವ ಮೊದಲೇ ಶೈಲಾ ನನ್ನ ಮುಖದಲ್ಲಿ ಅದನ್ನು ಓದಿ, ಕಣ್ಣೊರೆಸಿಕೊಳ್ಳುತ್ತ ಅಕ್ಕನಿಗೆ ಫೋನ್ ಮಾಡಲು ಹಿತ್ತಲಿಗೆ ಓಡಿದಳು. ನಿಜ ಹೇಳುತ್ತೇನೆ, ನನಗೂ ಕಣ್ಣು ಮಂಜಾಯಿತು.

“ಏನ್ ಮಾತಾಡಿದ್ರಿ ಭಾವ?” ಎಂದು ಕೇಳಿದೆ.

“ಏನಿಲ್ಲ. ಊಟ ಆಯ್ತಾ ಅಂದ್ಲು, ಆಯ್ತು ಅಂದೆ. ಆಮೇಲೆ ಹೂಂ ಅಂದ್ಲು.”

“ಅಷ್ಟೇನಾ?”

“ಇನ್ನೇನ್ ಬೇಕು? ಅಂದ್ಹಾಗೆ, ಆ ಫೋನಿಗೆ ಏನಾಗಿತ್ತು?”

ಭಾವ ಸಜ್ಜನರು, ಸೌಜನ್ಯಕ್ಕೆ ಕೇಳಿದರು. ನನ್ನನ್ನು ಕೇಳಬಾರದಿತ್ತು. ನಾನು ಕುರ್ಚಿ ಎಳೆದುಕೊಂಡು ಮೊದಲಿನಿಂದ ಶುರುಮಾಡಿದೆ. ಧ್ವನಿ ಹೇಗೆ ಚೂರುಚೂರಾಗಿ ಪ್ರಯಾಣ ಮಾಡುತ್ತದೆ, ರೂಟರ್ ಯಾವ ಚೂರನ್ನು ಯಾವ ಬಾಗಿಲಿಗೆ ಕಳಿಸುತ್ತದೆ, ಮೌನಕ್ಕೂ ಸಾವಿಗೂ ಇರುವ ವ್ಯತ್ಯಾಸ ಯಂತ್ರಕ್ಕೆ ಯಾಕೆ ತಿಳಿಯುವುದಿಲ್ಲ, ಎಲ್ಲವನ್ನೂ ಬಿಡಿಸಿ ಹೇಳಿದೆ. ಭಾವ ನಡುವೆ ಒಂದು ಮಾತೂ ಆಡದೆ ಕೇಳಿದರು. ಇಂಥ ಕೇಳುಗ ನನಗೆ ಈ ದೇಶಕ್ಕೆ ಬಂದ ಮೇಲೆ ಸಿಕ್ಕಿರಲಿಲ್ಲ. ಉತ್ಸಾಹ ಬಂದು ಇನ್ನೊಮ್ಮೆ, ಈ ಸಲ ಉದಾಹರಣೆಗಳ ಸಮೇತ, ವಿವರಿಸತೊಡಗಿದೆ.

ಶೈಲಾ ಮೊಬೈಲ್ ಕಿವಿಗಿಟ್ಟುಕೊಂಡೇ ಒಳಗೆ ಬಂದಳು. “ರೀ, ಯಾರ ಹತ್ರ ಮಾತಾಡ್ತಿದೀರಿ?”

“ಭಾವನ ಹತ್ರ. ಎಷ್ಟು ಆಸಕ್ತಿಯಿಂದ ಕೇಳ್ತಿದಾರೆ ಗೊತ್ತಾ!”

“ಅಕ್ಕನ ಜೊತೆ ಮುಗಿಸೋ ಹೊತ್ತಿಗೆ ಅಣ್ಣನೇ ಮಾಡ್ದ, ಇಲ್ಲಿ ಲೈನಲ್ಲಿದಾನೆ. ಆ ಫೋನನ್ನ ಮೇಜಿನ ಮೇಲಿಟ್ಟು ಆಗ್ಲೇ ಆಚೆ ಹೊರಟುಬಿಟ್ನಂತೆ. ಆಫೀಸಿಗೆ ಹೇಳಿದ್ದೂ ಆಯ್ತು, ಟಿಕೆಟ್ ಮಾಡ್ಸಿದ್ದೂ ಆಯ್ತು, ಈಗ ಬಂಕಲ್ಲಿ ಪೆಟ್ರೋಲ್ ಹಾಕ್ಸಿಕೊಳ್ತಿದಾನೆ.”

ಯಾವ ನಿಯಮವೂ ಇಲ್ಲದ ನನ್ನ ಸರ್ವರ್, ಪರ್ತ್‌ನ ಒಂದು ಖಾಲಿ ಕೋಣೆಗೆ ನನ್ನ ಮಾತನ್ನು ಒಂದು ಚೂರೂ ಬಿಡದೆ ತಲುಪಿಸುತ್ತಿತ್ತು. ನಾನು ಹೆಂಡತಿಯ ಮುಖ ನೋಡಿದೆ, ಕೈಯಲ್ಲಿದ್ದ ಫೋನ್ ನೋಡಿದೆ, ಆಡುತ್ತಿದ್ದ ವಾಕ್ಯವನ್ನು ಮಾತ್ರ ಮುಗಿಸಿ ಇಟ್ಟೆ.