ಕಾಲಂ ಇಲ್ಲದ ತಲೆನೋವು

ಸಂಖ್ಯೆ: ಗುಮಾ/ಗರ್ಭ/64/ತಿದ್ದುಪಡಿಯ ತಿದ್ದುಪಡಿ

ವಿಷಯ: ಸಮುದಾಯ ಚಿಕಿತ್ಸಾಲಯಗಳಲ್ಲಿ ಗರ್ಭಿಣಿ ತಪಾಸಣೆಯ ಗುಣಮಟ್ಟವನ್ನು ಅಳೆಯುತ್ತಿರುವಾಗ ಗರ್ಭಿಣಿಯರು ನಡುವೆ ಬರುವ ಕುರಿತು.

ಉಲ್ಲೇಖ: 1) ಅರವತ್ನಾಲ್ಕು ಪ್ರಶ್ನೆಗಳ ನಮೂನೆ. 2) ಪರಿಶೀಲನಾಧಿಕಾರಿಯ ವರದಿ (ಇಪ್ಪತ್ತೆರಡನೇ ಪ್ರಶ್ನೆಯವರೆಗೆ ಮಾತ್ರ). 3) ಸದರಿಯವರಿಗೆ ನೀಡಲಾದ ಕಾರಣ ಕೇಳುವ ನೋಟಿಸು.

ಪ್ರಸ್ತಾವನೆ:

ಕಳೆದ ತಿಂಗಳ ಮೊದಲ ಮಂಗಳವಾರ ಈ ಇಲಾಖೆಯ ಪರಿಶೀಲನಾಧಿಕಾರಿಯವರು ಬಸ್ ನಿಲ್ದಾಣದ ಹಿಂದಿರುವ ಎರಡು ಕೋಣೆಗಳ ಚಿಕಿತ್ಸಾಲಯಕ್ಕೆ ಭೇಟಿ ನೀಡಿರುತ್ತಾರೆ. ನಲವತ್ತಕ್ಕಿಂತ ಕಡಿಮೆ ಅಂಕ ಬಂದಲ್ಲಿ ಅದನ್ನು ಮುಚ್ಚತಕ್ಕದ್ದೆಂದು ಮೊದಲೇ ಆದೇಶವಾಗಿತ್ತು. ಅಲ್ಲಿರುವುದು ಒಬ್ಬರೇ ದಾದಿ. ಊರೆಲ್ಲ ಅವರನ್ನು ದೊಡ್ಡಕ್ಕ ಎನ್ನುತ್ತದೆ. ತೂಕದ ಯಂತ್ರದ ಕೆಳಗೆ ಮಡಚಿಟ್ಟ ರಟ್ಟು, ಸಹಿಯಿಲ್ಲದ ಮೂರು ದಾಖಲೆ ಪುಸ್ತಕ, ಬಣ್ಣ ಹೋದ ಪರದೆ ಇವನ್ನೆಲ್ಲ ಕಂಡು ಅಧಿಕಾರಿಯವರ ಪೆನ್ನು ಸರಾಗವಾಗಿ ಓಡುತ್ತಿತ್ತು. ಇಪ್ಪತ್ತೆರಡನೇ ಪ್ರಶ್ನೆ ಮುಗಿದಾಗ ಒಟ್ಟು ಹನ್ನೊಂದು ಅಂಕ ಬಂದಿತ್ತು.

ಆಗ ಎಂಟು ತಿಂಗಳ ಗರ್ಭಿಣಿಯಾದ ಹೊಲಿಗೆಯಾಕೆಯೊಬ್ಬರು ಅತ್ತೆಯೊಂದಿಗೆ ಒಳಬಂದರು. ಸರದಿ ಬರುವವರೆಗೆ ಬೆಂಚಿನಲ್ಲಿ ಕೂರಬೇಕಾಗಿದ್ದ ಸದರಿಯವರು ನಿಂತಲ್ಲಿಂದಲೇ, "ಏನಿಲ್ಲ ದೊಡ್ಡಕ್ಕಾ, ಬೆಳಗ್ಗಿಂದ ಸ್ವಲ್ಪ ತಲೆನೋವು. ಒಂದು ಸೂಜಿ ಎರಡಾಗಿ ಕಾಣುತ್ತೆ, ದಾರ ಪೋಣಿಸೋಕೇ ಆಗ್ತಿಲ್ಲ" ಎಂದು ನಮೂನೆಯಲ್ಲಿ ಇಲ್ಲದ ಮಾಹಿತಿ ಒದಗಿಸಿದರು.

ದಾದಿಯು ಪ್ರಶ್ನೆ ಇಪ್ಪತ್ಮೂರನ್ನು ಅರ್ಧಕ್ಕೆ ಬಿಟ್ಟು ಆಕೆಯ ತೋಳಿಗೆ ರಕ್ತದೊತ್ತಡದ ಪಟ್ಟಿ ಸುತ್ತಿದರು. ನೂರ ಎಪ್ಪತ್ತು, ನೂರ ಹದಿನೈದು. ಮತ್ತೊಮ್ಮೆ ನೋಡಿದರು, ಅಷ್ಟೇ. ಅವರ ಮುಖದಲ್ಲಿದ್ದ ನಗು ಮಾಯವಾದುದನ್ನು ಅಧಿಕಾರಿಯವರು ಗಮನಿಸಿರುತ್ತಾರೆ; ಅದಕ್ಕೂ ಕಾಲಂ ಇರಲಿಲ್ಲ. ದಾದಿಯು ಇರುವ ಔಷಧ ಕೊಟ್ಟು, ದೊಡ್ಡಾಸ್ಪತ್ರೆಗೆ ಫೋನು ಮಾಡಿದರು. ಆಂಬುಲೆನ್ಸಿಗೆ ಒಂದು ಗಂಟೆ ಆಗುವುದೆಂದು ತಿಳಿಯಿತು.

"ಸಾರ್, ನಿಮ್ಮ ಫಾರಂ ಎಲ್ಲಿಗೂ ಓಡಿ ಹೋಗಲ್ಲ. ಇವಳಿಗೆ ಫಿಟ್ಸ್ ಬಂದ್ರೆ ತಾಯೀನೂ ಇಲ್ಲ, ಮಗೂನೂ ಇಲ್ಲ. ಎದ್ದೇಳಿ, ಗಾಡಿ ತೆಗೀರಿ!" ಎಂದರು ದಾದಿ.

ಇಲಾಖಾ ಚಾಲಕರು ಚಹಾಕ್ಕೆ ಹೋಗಿದ್ದರು. ಹನ್ನೊಂದು ವರ್ಷದಿಂದ ಹಿಂದಿನ ಸೀಟು ಬಿಟ್ಟಿಳಿಯದ ಅಧಿಕಾರಿಯವರು ಜೀವ ಕೈಯಲ್ಲಿ ಹಿಡಿದು ತಾವೇ ಚಾಲನೆ ಮಾಡಿರುತ್ತಾರೆ. "ನಿಧಾನ ಹೋಗಪ್ಪಾ ಅಂತ ನಾನು ಹೇಳಲ್ಲ, ಆದ್ರೆ ಗೇರ್ ಆದ್ರೂ ಬದಲಾಯಿಸು, ಗಾಡಿ ಅಳ್ತಾ ಇದೆ" ಎಂದು ಅತ್ತೆಯವರು ದಾರಿಯಲ್ಲಿ ಮೌಖಿಕ ಆಕ್ಷೇಪಣೆ ಸಲ್ಲಿಸಿದರು. ಅಂದು ಸಂಜೆಯೇ ಶಸ್ತ್ರಚಿಕಿತ್ಸೆಯಾಗಿ ಹೆಣ್ಣುಮಗು ಜನಿಸಿತು. ತೂಕ ಒಂದು ಕಿಲೋ ಎಂಟುನೂರು ಗ್ರಾಂ. ತಾಯಿ ಮಗು ಕ್ಷೇಮ.

ಮೇಲ್ಕಂಡ ಅಹಿತಕರ ಘಟನೆಯಿಂದ ಪರಿಶೀಲನೆಯು ಅಪೂರ್ಣಗೊಂಡಿದ್ದು, ಇನ್ನು ಮುಂದೆ ಹೀಗಾಗದಂತೆ ಈ ಕೆಳಗಿನಂತೆ ಸೂಚಿಸಲಾಗಿದೆ:

1. ಗರ್ಭಿಣಿಯರು ತಲೆನೋವನ್ನು ಪರಿಶೀಲನೆಗೆ ಏಳು ದಿನ ಮುಂಚಿತವಾಗಿ, ಎರಡು ಪ್ರತಿಗಳಲ್ಲಿ ತಿಳಿಸತಕ್ಕದ್ದು.

2. ಸೂಜಿ ಎರಡಾಗಿ ಕಂಡಲ್ಲಿ ಎರಡನೇ ಸೂಜಿಯನ್ನು ಸಾಮಗ್ರಿ ಪುಸ್ತಕದಲ್ಲಿ ನಮೂದಿಸತಕ್ಕದ್ದು.

3. ದಾದಿಯರು "ಊಟ ಆಯ್ತಾ? ನಿದ್ದೆ ಬರುತ್ತಾ? ಮನೇಲಿ ಯಾರಾದ್ರೂ ಬೈತಾರಾ?" ಎಂದು ವಿಚಾರಿಸುತ್ತಿರುವುದು ಕಂಡುಬಂದಿದೆ. ಇಂತಹ ಅನಧಿಕೃತ ಕಾಳಜಿಯನ್ನು ಊಟದ ವಿರಾಮಕ್ಕೆ ಸೀಮಿತಗೊಳಿಸತಕ್ಕದ್ದು.

4. ಅತ್ತೆಯಂದಿರ ಅಭಿಪ್ರಾಯಗಳನ್ನು ಭೇಟಿಯೊಂದಕ್ಕೆ ಎರಡರಂತೆ ಮಿತಿಗೊಳಿಸಲಾಗಿದೆ. ಮೂರನೆಯದಕ್ಕೆ ಸೊಸೆಯ ಮೇಲುರುಜು ಕಡ್ಡಾಯ.

5. ಗರ್ಭಸ್ಥ ಶಿಶುಗಳು ಕಚೇರಿ ಸಮಯ ಪಾಲಿಸತಕ್ಕದ್ದು. ಅಧಿಕಾರಿಗಳ ಸಮ್ಮುಖದಲ್ಲಿ ಒದೆಯುವುದನ್ನು ಅಶಿಸ್ತೆಂದು ಪರಿಗಣಿಸಲಾಗುವುದು.

6. ಕಾರಣ ಕೇಳುವ ನೋಟಿಸಿಗೆ ಅಧಿಕಾರಿಯವರು ಸಲ್ಲಿಸಿದ ಉತ್ತರವು ಎರಡೇ ಸಾಲಿನದ್ದಾಗಿದೆ: "ಗುಣಮಟ್ಟ ಕಣ್ಣಾರೆ ನೋಡಿದೆ. ಬರೆಯಲು ಕೈಗೆ ಬಿಡುವಿರಲಿಲ್ಲ." ಇದರ ಮೇಲೆ ಇಲಾಖೆಯು ಮೂರು ಸಭೆ ನಡೆಸಿದ್ದು, ಈ ಉತ್ತರಕ್ಕೆ ಎಷ್ಟು ಅಂಕವೆಂಬುದು ಮೂರರಲ್ಲೂ ಇತ್ಯರ್ಥವಾಗಿರುವುದಿಲ್ಲ. ಉಳಿದ ನಲವತ್ತೆರಡು ಪ್ರಶ್ನೆಗಳನ್ನು ಯಾರು, ಯಾವಾಗ ಕೇಳಬೇಕೆಂಬುದು ತೀರ್ಮಾನವಾಗುವವರೆಗೆ ಚಿಕಿತ್ಸಾಲಯವನ್ನು ಮುಚ್ಚಲು ಅವಕಾಶವಿರುವುದಿಲ್ಲ. ಸದರಿ ತೀರ್ಮಾನಕ್ಕೆ ಯಾವುದೇ ಕಾಲಮಿತಿ ನಿಗದಿಪಡಿಸಿಲ್ಲ.

ಇದನ್ನು ಓದಿದವರು ಓದಿದ್ದೇವೆಂದು, ಓದದವರು ಓದಿಲ್ಲವೆಂದು ಸಹಿ ಹಾಕತಕ್ಕದ್ದು.

ಸಹಿ/-
ಉಪನಿರ್ದೇಶಕರು (ಗುಣಮಟ್ಟ ಹಾಗೂ ಲೇಖನ ಸಾಮಗ್ರಿ)

ಪ್ರತಿಗಳು:
1. ಎಲ್ಲ ಚಿಕಿತ್ಸಾಲಯಗಳಿಗೆ, ಗೋಡೆಗೆ ಅಂಟಿಸಲು.
2. ದಾದಿಯವರಿಗೆ. (ಮನೆ ಭೇಟಿಗೆ ಹೋಗಿದ್ದರಿಂದ ಹಿಂದಿನ ತಿದ್ದುಪಡಿಯ ಲಕೋಟೆ ಮೂರು ಬಾರಿ ವಾಪಸಾಗಿದೆ.)
3. ಚಾಲಕರಿಗೆ, ಚಹಾದಂಗಡಿಯ ವಿಳಾಸಕ್ಕೆ.
4. ಅತ್ತೆಯವರಿಗೆ, ಅಭಿಪ್ರಾಯ ಕೋರದೆ.
5. ನವಜಾತ ಶಿಶುವಿಗೆ, ಮಾಹಿತಿಗಾಗಿ. ಸಹಿ ಬರುವವರೆಗೆ ಕಾಯಲಾಗುವುದು.